ಹನುಮಮ್ಮನವರ ಹದಿನಾಲ್ಕು ಸೆಕೆಂಡಿನ ಸ್ವಪರಿಚಯದ ಬಗ್ಗೆ

ಕುರಿ ಸಾಕಣೆ ಡಿಜಿಟಲ್ ಕಲಿಕಾ ಬಳಗ ಘಟಕ
(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿಗೆ ಜಂಟಿಯಾಗಿ)
ಕಚೇರಿ: ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಎರಡನೇ ಬಾಗಿಲು. ಮೊದಲನೆಯದು ನಮ್ಮದಲ್ಲ.

ಸಂಖ್ಯೆ: ಕುಸಾಕಬ/ಸ್ವಪ/ಧ್ವನಿ/23/2025-26
ದಿನಾಂಕ: 17-11-2025

ಸುತ್ತೋಲೆ

ವಿಷಯ: ಕಲಿಕಾ ಬಳಗದ ಸದಸ್ಯರು ಸೃಜನಶೀಲ ಡಿಜಿಟಲ್ ವಿಧಾನಗಳಲ್ಲಿ ತಮ್ಮನ್ನು ತಾವು ಪರಿಚಯಿಸಿಕೊಳ್ಳುವ ಬಗ್ಗೆ, ಹಾಗೆ ಪರಿಚಯಿಸಿಕೊಂಡದ್ದರಿಂದ ಕುರಿಗಳು ಎದ್ದು ಬಂದ ಬಗ್ಗೆ, ಮತ್ತು ಹಾಗೆ ಬಂದ ಕುರಿಗಳ ಸ್ಥಾನಮಾನದ ಬಗ್ಗೆ.

ಉಲ್ಲೇಖ:
1. ಮೇಲಿನ ಕಚೇರಿಯಿಂದ ಬಂದ ‘ನಿಮ್ಮನ್ನು ನೀವು ಪರಿಚಯಿಸಿಕೊಳ್ಳಲು ಹನ್ನೊಂದು ಸೃಜನಶೀಲ ಡಿಜಿಟಲ್ ವಿಧಾನಗಳು’ ಎಂಬ ಪಟ್ಟಿ (ದಿನಾಂಕ ನಮೂದಾಗಿರುವುದಿಲ್ಲ).
2. ಇದೇ ಘಟಕದ ಸೂಚನೆ, ದಿನಾಂಕ 03-11-2025.
3. ಶ್ರೀಮತಿ ಹನುಮಮ್ಮ ಕೋಂ ಉಜ್ಜಪ್ಪ, ತೊಗರ್ಸಿ, ಇವರ ಧ್ವನಿ ಸಂದೇಶ, ದಿನಾಂಕ 13-11-2025, ಸಂಜೆ 5.47, ಅವಧಿ ಹದಿನಾಲ್ಕು ಸೆಕೆಂಡು.
4. ಶ್ರೀ ಶಾಂತವೀರಪ್ಪ, ಉಳವಿ, ಇವರ ಧ್ವನಿ ಸಂದೇಶ, ಅದೇ ದಿನ, ಸಂಜೆ 5.52, ಗಾಬರಿಯ ಧ್ವನಿಯಲ್ಲಿ.
5. ಮೆಟ್ಟಿಲು ತೊಳೆದ ಶ್ರೀಮತಿ ರಮಾಬಾಯಿಯವರ ಮೌಖಿಕ ದೂರು, ದಿನಾಂಕ 14-11-2025.

ಪ್ರಸ್ತಾವನೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಕುರಿ ಸಾಕುವವರಿಗೆ ಮರಿಗಳ ಆರೈಕೆ, ಜಂತಿನ ಔಷಧಿ ಕುಡಿಸುವುದು, ಲಸಿಕೆಯ ಸೂಜಿ ಹಾಕುವುದು ಮುಂತಾದವನ್ನು ಮೊಬೈಲಿನಲ್ಲೇ ಕಲಿಸುವ ಸದುದ್ದೇಶದಿಂದ ಅರವತ್ತು ಸದಸ್ಯರ ಕಲಿಕಾ ಬಳಗವೊಂದನ್ನು ರಚಿಸಲಾಗಿರುತ್ತದೆ. ಪಾಠ ಆರಂಭವಾಗುವ ಮೊದಲು ಸದಸ್ಯರು ಪರಸ್ಪರ ಪರಿಚಯವಾಗಬೇಕು, ಆ ಪರಿಚಯ ಸೃಜನಶೀಲವಾಗಿರಬೇಕು ಮತ್ತು ಡಿಜಿಟಲ್ ಆಗಿರಬೇಕು ಎಂದು ಉಲ್ಲೇಖ (1)ರಲ್ಲಿ ಹೇಳಲಾಗಿದೆ. ಎದುರುಬದುರು ಕೂತು ಚಹಾ ಕುಡಿದು ಪರಿಚಯ ಮಾಡಿಕೊಳ್ಳುವುದು ಆ ಹನ್ನೊಂದರಲ್ಲಿ ಸೇರಿಲ್ಲ ಎಂಬುದನ್ನು ಘಟಕವು ಪಟ್ಟಿಯನ್ನು ಎರಡು ಸಲ ಓದಿ ಖಚಿತಪಡಿಸಿಕೊಂಡಿದೆ.

ಉಲ್ಲೇಖ (2)ರ ಸೂಚನೆಯಂತೆ, ಪ್ರತಿ ಸದಸ್ಯರೂ ತಮ್ಮನ್ನು ಗುರುತಿಸುವವರು ಯಾವ ಬಗೆಯಲ್ಲಿ ಗುರುತಿಸುತ್ತಾರೋ ಅದೇ ಬಗೆಯಲ್ಲಿ ಪರಿಚಯಿಸಿಕೊಳ್ಳತಕ್ಕದ್ದು. ಬಳಗದಲ್ಲಿ ನೋಂದಣಿಯಾದ ಕನಿಷ್ಠ ಎರಡು ಸಂಖ್ಯೆಗಳು ಆ ಪರಿಚಯವನ್ನು ಗುರುತಿಸತಕ್ಕದ್ದು. ದಿನಾಂಕ 15-11-2025ರ ಶನಿವಾರ ಸಂಜೆ ಐದು ಗಂಟೆಯೊಳಗೆ ಪರಿಚಯ ಅಂಗೀಕಾರವಾಗದವರ ಹೆಸರನ್ನು ಬಳಗದಿಂದ ತೆಗೆಯಲಾಗುವುದು, ಮತ್ತೆ ಸೇರಬೇಕಾದರೆ ಒಂದು ವರ್ಷ ಕಾಯತಕ್ಕದ್ದು. ಐವತ್ತೊಂಬತ್ತು ಮಂದಿ ಹೇಗೋ ದಾಟಿಕೊಂಡರು. ಉಳಿದವರು ಹನುಮಮ್ಮನವರೊಬ್ಬರೇ.

ಹನುಮಮ್ಮನವರ ವಯಸ್ಸು ಐವತ್ತೆಂಟು ಎಂದು ಆಧಾರ್ ಹೇಳುತ್ತದೆ. ಅವರು ಹೇಳುವುದು ಬೇರೆ, ಅದು ದಿನಕ್ಕೊಂದು ಬಗೆ. ತೊಗರ್ಸಿಯ ಹೊರಗೆ ಅವರದೂ ಅವರ ಯಜಮಾನರು ಉಜ್ಜಪ್ಪನವರದೂ ಒಂದು ಕುರಿಹಟ್ಟಿ ಇದೆ. ಕಳೆದ ಮುಂಗಾರಿನಲ್ಲಿ ಆ ಹಟ್ಟಿಯಲ್ಲಿ ಒಂದೇ ದಿನ ಮೂರು ಮರಿಗಳು ಸತ್ತವು. ಡಾಕ್ಟರು ಅಂದು ಬೇರೊಂದು ಊರಿನಲ್ಲಿ ಕುರಿಗಳಿಗೇ ಸೂಜಿ ಹಾಕುತ್ತಿದ್ದರು, ಅವರದೇನೂ ತಪ್ಪಿಲ್ಲ ಎಂದು ಹನುಮಮ್ಮನವರೇ ಹೇಳಿರುತ್ತಾರೆ. ಬಳಗಕ್ಕೆ ಸೇರುವ ಉದ್ದೇಶ ಏನೆಂಬ ಕಾಲಂನಲ್ಲಿ ಉಳಿದವರೆಲ್ಲ ‘ಜ್ಞಾನಾರ್ಜನೆ’ ಎಂದು ತುಂಬಿದ್ದರೆ, ಇವರು ಸೊಸೆ ಸಂಗೀತಳ ಕೈಯಲ್ಲಿ ಬರೆಸಿದ್ದು ಹೀಗಿದೆ: “ಡಾಕ್ಟ್ರು ದಾರಿ ಕಾಯೋದ್ರಾಗೆ ಮರಿ ಹೋದ್ವು. ಸೂಜಿ ಹಿಡಿಯೋದು ನಾನೇ ಕಲ್ತಗಂಡ್ರೆ ಯಾರ ದಾರಿನೂ ಕಾಯಂಗಿಲ್ಲ.” ಅರವತ್ತು ಅರ್ಜಿಗಳಲ್ಲಿ ಓದಿ ಮುಗಿಸಿದ ಮೇಲೆ ಮತ್ತೊಮ್ಮೆ ಓದಬೇಕೆನಿಸಿದ್ದು ಇದೊಂದೇ ಎಂದು ವಿಷಯ ನಿರ್ವಾಹಕಿ ಪ್ರಮೀಳಾ ಅವರು ಕಡತದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿರುತ್ತಾರೆ.

ಇಂಥವರು ಪರಿಚಯದಲ್ಲಿ ಸಿಕ್ಕಿಹಾಕಿಕೊಂಡರು. ಮೊದಲ ಸಲ ‘ನಾನು ಹನುಮಮ್ಮ. ಕುರಿ ಸಾಕ್ತೀನಿ’ ಎಂದು ಕಳಿಸಿದರು. ಸೃಜನಶೀಲವಾಗಿಲ್ಲ ಎಂದು ಹಿಂದಿರುಗಿಸಲಾಯಿತು. ಎರಡನೇ ಸಲ ಫೋಟೋ ಕಳಿಸಿದರು. ಅದರಲ್ಲಿ ನಲವತ್ತು ಕುರಿಗಳಿದ್ದು, ಹನುಮಮ್ಮನವರು ಎಲ್ಲಿದ್ದಾರೆಂದು ಗೆರೆ ಹಾಕಿ ತೋರಿಸುವಂತೆ ಸೂಚಿಸಲಾಯಿತು. ಮೂರನೇ ಸಲ ಸಂಗೀತ ಉತ್ಸಾಹದಿಂದ ವಿಡಿಯೊ ಮಾಡಿದಳು. ಅತ್ತೆಯ ತಲೆಗೆ ಹೂವಿನ ಕಿರೀಟ, ಕೆನ್ನೆಗೆ ಗುಲಾಬಿ ಬಣ್ಣ, ಮೇಲಿನಿಂದ ಉದುರುವ ನಕ್ಷತ್ರಗಳು. ಅದನ್ನು ನೋಡಿದ ಉಜ್ಜಪ್ಪನವರು “ಯಾರವ್ವ ಇಕಿ?” ಎಂದು ಕೇಳಿದರು. ನಲವತ್ತು ವರ್ಷ ಸಂಸಾರ ಮಾಡಿದವರಿಗೇ ಗುರುತು ಹತ್ತದ ಪರಿಚಯವನ್ನು ಘಟಕವು ಅಂಗೀಕರಿಸುವ ಪ್ರಶ್ನೆ ಉದ್ಭವಿಸಲಿಲ್ಲ.

ಅಷ್ಟರಲ್ಲಿ ಗುರುವಾರ ಬಂದಿತ್ತು. ಹಟ್ಟಿಗೆ ಕುರಿ ಹೊಡೆದುಕೊಂಡು ಬಂದ ಹನುಮಮ್ಮನವರು ಕಲ್ಲಿನ ಮೇಲೆ ಕೂತು, ಸೂಚನೆಯನ್ನು ಇನ್ನೊಂದು ಸಲ ಓದೆಂದು ಸಂಗೀತಳಿಗೆ ಹೇಳಿದರು. ‘ತಮ್ಮನ್ನು ಗುರುತಿಸುವವರು ಯಾವ ಬಗೆಯಲ್ಲಿ ಗುರುತಿಸುತ್ತಾರೋ’ ಎಂಬಲ್ಲಿಗೆ ಬಂದಾಗ ಸಾಕು ಎಂದು ಕೈ ತೋರಿಸಿದರು. ಆಗ ಅವರು ಆಡಿದ ಮಾತನ್ನು ಸಂಗೀತಳ ಹೇಳಿಕೆಯಿಂದ ಯಥಾವತ್ತಾಗಿ ಇಲ್ಲಿ ಕೊಡಲಾಗಿದೆ: “ಊರಾಗೆ ಉಜ್ಜಪ್ಪನ ಹೆಂಡ್ತಿ ಅಂತಾರೆ. ತೌರಾಗೆ ಸಣ್ಣಕ್ಕ ಅಂತಾರೆ. ಬ್ಯಾಂಕ್‌ನಾಗೆ ಹೆಬ್ಬೆಟ್ಟು ಕೊಡಮ್ಮ ಅಂತಾರೆ. ನನ್ನ ನಾನೇ ಅಂತ ಗುರ್ತ ಹಿಡಿಯೋವು ಅಂದ್ರೆ ಇವು ಕುರಿ ಒಂದೇ ನೋಡವ್ವ. ಅವನ್ನ ಕರೆಯಂಗೆ ಕರೀತೀನಿ, ಹಿಡ್ಕ ಅದರಾಗೆ.”

ಹೀಗೆ ಉಲ್ಲೇಖ (3)ರ ಧ್ವನಿ ಸಂದೇಶ ಬಳಗಕ್ಕೆ ಬಂದಿರುತ್ತದೆ. ಅದರಲ್ಲಿ ಹೆಸರಿಲ್ಲ, ಊರಿಲ್ಲ, ವಿದ್ಯಾರ್ಹತೆಯಿಲ್ಲ. ಹನುಮಮ್ಮನವರು ಸಂಜೆ ಹೊತ್ತು ಕುರಿಗಳನ್ನು ಕರೆಯುವ ಕೂಗು ಮಾತ್ರ ಇದೆ. ಅದನ್ನು ಅಕ್ಷರದಲ್ಲಿ ಬರೆಯಲು ಕಚೇರಿಯ ಮೂವರು ಬೇರೆ ಬೇರೆ ಕೋಣೆಗಳಲ್ಲಿ ಕೂತು ಪ್ರಯತ್ನಿಸಿದ್ದು, ಮೂರೂ ಮೂರು ಥರ ಬಂದುದರಿಂದ ಬರೆಯದೆ ಬಿಡಲಾಗಿದೆ.

ಈಗ ಒಂದು ಸಂಗತಿಯನ್ನು ಸದಸ್ಯರ ಗಮನಕ್ಕೆ ತರಬೇಕಾಗಿದೆ. ಎರಡು ವರ್ಷದ ಹಿಂದೆ ಹನುಮಮ್ಮನವರ ಮೊಣಕಾಲು ಕೈಕೊಟ್ಟು ಮೂರು ತಿಂಗಳು ಎದ್ದು ಓಡಾಡಲಾಗಲಿಲ್ಲ. ಆಗ ಮೇಯಿಸುವವರಿಲ್ಲದೆ ಅರ್ಧ ಹಿಂಡನ್ನು ಉಜ್ಜಪ್ಪನವರು ಶಿರಾಳಕೊಪ್ಪದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದ್ದರು. ಕೊಂಡವರು ಎರಡು ತಾಲ್ಲೂಕುಗಳ ಹತ್ತಾರು ಊರಿನವರು. ಅವರಲ್ಲಿ ಹಲವರು ಈಗ ಇದೇ ಬಳಗದ ಸದಸ್ಯರಾಗಿದ್ದಾರೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ಹನುಮಮ್ಮನವರಿಗೂ ಗೊತ್ತಿರಲಿಲ್ಲ, ಎಲ್ಲವೂ ಗೊತ್ತಿರಬೇಕಾದ ಘಟಕಕ್ಕಂತೂ ಗೊತ್ತೇ ಇರಲಿಲ್ಲ.

ಸದಸ್ಯರು ಸಂದೇಶವನ್ನು ಒತ್ತಿದರು. ಮೊಬೈಲುಗಳು ಕೂಗಿದವು. ಐದು ನಿಮಿಷದಲ್ಲಿ ಉಳವಿಯ ಶಾಂತವೀರಪ್ಪನವರಿಂದ ಉಲ್ಲೇಖ (4) ಬಂತು. ಹೊಲಕ್ಕೆ ಗೊಬ್ಬರವಾಗಲೆಂದು ನಾಲ್ಕು ಕುರಿ ಸಾಕಿಕೊಂಡಿರುವ ಕೃಷಿಕರು ಅವರು. “ಹೋಯ್, ಇದು ಯಾರ್ರೀ ಹಾಕಿದ್ದು? ನಮ್ಮನೆ ಕುರಿ ನಾಲ್ಕೂ ಬೇಲಿ ಹಾರ್ಕಂಡು ಜಗಲಿಗೆ ಬಂದು ನನ್ನ ಮೊಬೈಲ್ ಮೂಸ್ತಾ ನಿಂತಾವೆ! ಎಂತ ಮಾಡೂದು ಹೇಳಿ ಮಾರಾಯ್ರೇ!” ಇದಾದ ಮೇಲೆ ಶಿರಾಳಕೊಪ್ಪದಿಂದ ಒಂಬತ್ತು, ಆಸುಪಾಸಿನ ಹಳ್ಳಿಗಳಿಂದ ಎಂಟು ಕುರಿಗಳು ಇದೇ ರೀತಿ ಎದ್ದು ಬಂದ ವರದಿಗಳು ಒಂದರ ಹಿಂದೊಂದು ಬಂದವು. ಬಂದ ಪ್ರತಿಯೊಂದೂ ಎರಡು ವರ್ಷದ ಹಿಂದೆ ಉಜ್ಜಪ್ಪನವರ ಕೈಯಿಂದ ಕೊಂಡದ್ದು.

ಶಾಂತವೀರಪ್ಪನವರ ಸಂದೇಶದ ಹಿನ್ನೆಲೆಯಲ್ಲಿ ಅವರ ಮನೆಯವರಾದ ಜಗದಾಂಬ ಅವರ ಧ್ವನಿಯೂ ಕೇಳಿಸುತ್ತದೆ: “ಹಣೆ ಮೇಲೆ ಬಿಳಿ ಇರೋದು ನೋಡಿ, ಎರಡ್ ವರ್ಷ ನಾನು ಕರೆದ್ರೆ ಒಂದಿನಾನೂ ತಲೆ ಎತ್ತಲ್ಲ. ಇವತ್ತು ಮೊಬೈಲಿಗೆ ಬಂತಲ್ಲ!” ಅದರ ಹಿಂದೆಯೇ ಒಂದು ಕುರಿ ನಾಲ್ಕು ಸೆಕೆಂಡು ಕೂಗುತ್ತದೆ.

ತೊಗರ್ಸಿಯ ಹಟ್ಟಿಯಲ್ಲಿ ಹನುಮಮ್ಮನವರು ಆ ನಾಲ್ಕು ಸೆಕೆಂಡು ಕೇಳಿದರು. “ಚುಕ್ಕಿ! ನನ್ ಚುಕ್ಕಿ ಕಣವ್ವಾ ಅದು! ಇನ್ನೂ ಬದುಕೈತೆ!” ಎಂದು ಎದ್ದುನಿಂತರು, ಮೊಣಕಾಲನ್ನು ಲೆಕ್ಕಿಸದೆ. ಚುಕ್ಕಿ ತಾಯಿ ಸತ್ತ ಮರಿ. ಹನುಮಮ್ಮನವರು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದರು. ಸಂತೆಗೆ ಹೋದ ಮೇಲೆ ಅದು ಏನಾಯಿತೆಂದು ಅವರು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದೆ ಎಂಬ ಭಯ. ಆ ಸಂಜೆ ಹನುಮಮ್ಮನವರು ಅತ್ತರು. ಕಡತದಲ್ಲಿ ಇದಕ್ಕೆ ಬೇರೆ ಪದ ಬಳಸಬಹುದೇ ಎಂದು ಪರಿಶೀಲಿಸಲಾಯಿತು, ಸಿಗಲಿಲ್ಲ. ಸಂತೋಷಕ್ಕೆ ಅತ್ತರು ಎಂದು ಮಾತ್ರ ಸೇರಿಸಲಾಗಿದೆ.

ಆದರೆ ಗುರುತಿಸಿದ್ದೇವೆಂದು ಮೊಬೈಲಿನಲ್ಲಿ ಒತ್ತಬೇಕಾದ ಹೆಬ್ಬೆಟ್ಟಿನ ಗುರುತನ್ನು ಒಬ್ಬನೇ ಒಬ್ಬ ಮನುಷ್ಯಮಾತ್ರನೂ ಹನುಮಮ್ಮನವರ ಪರಿಚಯಕ್ಕೆ ಒತ್ತಲಿಲ್ಲ. ಎಲ್ಲರೂ ಕುರಿ ಹಿಡಿಯುವುದರಲ್ಲಿದ್ದರು.

ಮರುದಿನ ಶುಕ್ರವಾರ, ಧ್ವನಿ ಸಂದೇಶದಿಂದ ಕುರಿ ಬರುವುದು ವೈಜ್ಞಾನಿಕವಾಗಿ ಸಾಧ್ಯವೇ ಎಂದು ಪರಿಶೀಲಿಸಲು ಸಂಯೋಜನಾಧಿಕಾರಿ ಶ್ರೀ ಕೊಟ್ರೇಶ್ ಅವರ ಅಧ್ಯಕ್ಷತೆಯಲ್ಲಿ ಮಹಡಿಯ ಸಭಾಂಗಣದಲ್ಲಿ ಸಭೆ ಕರೆಯಲಾಯಿತು. ಸೆಖೆಯೆಂದು ಕಿಟಕಿಗಳನ್ನು ತೆರೆಯಲಾಗಿತ್ತು. ಸಂದೇಶವನ್ನು ಮೈಕಿನ ಮುಂದೆ ಹಿಡಿದು ಒತ್ತಲಾಯಿತು. ಕಚೇರಿಯ ಹಿಂದಿನ ಬಯಲಲ್ಲಿ ಬಳಗದ ಸದಸ್ಯರೊಬ್ಬರ ಹಿಂಡು ಮೇಯುತ್ತಿದ್ದುದು ಕಾರ್ಯಸೂಚಿಯಲ್ಲಿ ಇರಲಿಲ್ಲ. ಆ ಹಿಂಡಿನಲ್ಲಿ ಹನುಮಮ್ಮನವರ ಹಳೆಯ ಕುರಿಗಳು ಎರಡಿದ್ದವು. ಅವೆರಡು ಮೆಟ್ಟಿಲು ಹತ್ತಿದವು. ಉಳಿದ ಮೂವತ್ತಾರು, ಮುಂದಿನವು ಹೋದವೆಂದು, ಹಿಂದೆಯೇ ಹತ್ತಿದವು. ಸಂಯೋಜನಾಧಿಕಾರಿಗಳು ಮೇಜಿನ ಮೇಲೆ ಆಸೀನರಾಗಿ ಸಭೆಯನ್ನು ಮುಂದುವರಿಸಿದರು. ಮೆಟ್ಟಿಲಿನ ಮೇಲ್ತುದಿಯಲ್ಲಿರುವ ಮುಖ ಹಾಜರಿ ಯಂತ್ರದ ಎದುರು ಒಂದು ಟಗರು ಸ್ವಲ್ಪ ಹೊತ್ತು ನಿಂತಿದ್ದು, ಯಂತ್ರವು “ಧನ್ಯವಾದಗಳು, ಚನ್ನೇಶ್” ಎಂದು ಹೇಳಿರುತ್ತದೆ. ಶ್ರೀ ಚನ್ನೇಶ್ ಅವರು ಅಂದು ರಜೆಯ ಮೇಲಿದ್ದರು.

ಈ ಎಲ್ಲ ಬೆಳವಣಿಗೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಎಲ್ಲ ಸದಸ್ಯರಿಗೆ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಹನ್ನೊಂದು ವಿಧಾನಗಳಲ್ಲಿ ‘ಎರಡು ನಿಜ, ಒಂದು ಸುಳ್ಳು’ ಎಂಬ ನಾಲ್ಕನೇ ವಿಧಾನವನ್ನು ತಕ್ಷಣದಿಂದ ತಡೆಹಿಡಿಯಲಾಗಿದೆ. ಇದರಡಿ ಇಪ್ಪತ್ತು ಮಂದಿ ಸುಳ್ಳಿನ ಜಾಗದಲ್ಲಿ ‘ನಮ್ಮ ಹಿಂಡಿಗೆ ಯಾವ ಕಾಯಿಲೆಯೂ ಇಲ್ಲ’ ಎಂದು ಬರೆದಿದ್ದು, ಅದು ನೇರವಾಗಿ ಮಾಸಿಕ ವರದಿಗೆ ಸೇರಿ, ಎರಡೂ ತಾಲ್ಲೂಕುಗಳ ಕುರಿಗಳ ಆರೋಗ್ಯಕ್ಕೆ ಮೇಲಿನ ಕಚೇರಿಯಿಂದ ಅಭಿನಂದನಾ ಪತ್ರ ಬಂದಿರುತ್ತದೆ. ಪತ್ರವನ್ನು ಚೌಕಟ್ಟು ಹಾಕಿಸಿಯಾಗಿದೆ, ಹಿಂದಿರುಗಿಸಲು ಬರುವುದಿಲ್ಲ. ಶ್ರೀ ಶಾಂತವೀರಪ್ಪನವರು ಮಾತ್ರ “ಸುಳ್ಳು ಬರೆದು ಕೊಡಿ ಅಂತ ಸರ್ಕಾರದೋರೇ ಕೇಳಿದ್ರೆ ನಾವ್ ಎಂತ ಮಾಡೂದು” ಎಂದು ಮೂರೂ ನಿಜ ಬರೆದಿದ್ದು, ನಿಯಮ ಉಲ್ಲಂಘನೆಗಾಗಿ ಅವರಿಗೆ ಕೊಡಲಾಗಿದ್ದ ನೋಟಿಸನ್ನು ಹಿಂಪಡೆಯಲಾಗಿದೆ.

2. ‘ನೀವೊಂದು ಪ್ರಾಣಿಯಾಗಿದ್ದರೆ’ ಎಂಬ ವಿಧಾನದಡಿ ನಲವತ್ತೊಂದು ಮಂದಿ ಕುರಿ ಎಂದೂ, ಹನ್ನೆರಡು ಮಂದಿ ಕುರಿ ಕಾಯುವ ನಾಯಿ ಎಂದೂ, ಒಬ್ಬರು ‘ಸಾಹೇಬ್ರು’ ಎಂದೂ ಉತ್ತರಿಸಿರುತ್ತಾರೆ. ಮೂರನೆಯದು ಪ್ರಾಣಿವರ್ಗದಲ್ಲಿ ಬರುವುದಿಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

3. ಸ್ಥಳ ಹಂಚಿಕೊಳ್ಳುವ ವಿಧಾನ: ಶ್ರೀ ವೀರಬಸಪ್ಪನವರು ತಾವಿರುವ ಜಾಗವನ್ನು ತೋರಿಸುವ ಗುಂಡಿ ಒತ್ತಿ, ನಿಲ್ಲಿಸುವುದನ್ನು ಮರೆತಿದ್ದರಿಂದ, ಬಳಗದ ಎಲ್ಲರೂ ಎಂಟು ತಾಸು ಅವರನ್ನು ಹಿಂಬಾಲಿಸಿರುತ್ತಾರೆ. ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಎರಡು ತಾಸು, ಒಂದೇ ಹೋಟೆಲಿನಲ್ಲಿ ನಾಲ್ಕು ಸಲ, ಮತ್ತು ಮನೆಯಲ್ಲಿ ಹೇಳಿದ್ದ ಹೊಲದಲ್ಲಿ ಒಂದು ಸಲವೂ ಇಲ್ಲ. ಅವರ ಮನೆಯವರೂ ಇದೇ ಬಳಗದ ಸದಸ್ಯರಾಗಿರುವುದರಿಂದ ಪರಿಚಯವು ಅಗತ್ಯಕ್ಕಿಂತ ಹೆಚ್ಚಾಗಿದೆ. ಇನ್ನು ಮುಂದೆ ಸ್ಥಳವನ್ನು ಹದಿನೈದು ನಿಮಿಷಕ್ಕೆ ಮಾತ್ರ, ಅದೂ ನಿಜವಾಗಿ ಹೊಲದಲ್ಲಿದ್ದಾಗ ಮಾತ್ರ ಹಂಚಿಕೊಳ್ಳತಕ್ಕದ್ದು.

4. ಬೆಳಗಿನ ಶುಭಾಶಯದ ಚಿತ್ರದ ಕೆಳಗೆ ಹೆಸರು ಬರೆದು ಕಳಿಸುವುದು ಪರಿಚಯವಲ್ಲ. ಅದರಲ್ಲಿ ಪರಿಚಯವಾಗುವುದು ಸೂರ್ಯ, ಅವನು ಸದಸ್ಯನಲ್ಲ.

5. ಹುಟ್ಟುಹಬ್ಬದ ಫ್ಲೆಕ್ಸಿನ ಮಾದರಿಯಲ್ಲಿ ಪರಿಚಯ ಸಿದ್ಧಪಡಿಸುವವರು ಶುಭ ಕೋರುವವರ ಮುಖಗಳನ್ನು ಆರಕ್ಕೆ ಮಿತಿಗೊಳಿಸತಕ್ಕದ್ದು. ಒಂದು ಪರಿಚಯದಲ್ಲಿ ಶುಭ ಕೋರುವವರು ಮೂವತ್ತಾರು ಮಂದಿ ಇದ್ದು, ಸದಸ್ಯರ ಮುಖಕ್ಕೇ ಜಾಗವಿರಲಿಲ್ಲ.

6. ಯಾರ ಪೈಕಿ ಎಂದು ವಿಚಾರಿಸುವ ಬಗ್ಗೆ: ಯಾರೇ ಪರಿಚಯ ಹಾಕಿದರೂ ‘ಯಾವೂರು, ಯಾರ ಮಗಳು, ಎಲ್ಲಿಗೆ ಕೊಟ್ಟಿದ್ದು, ಅವರ ಅಣ್ಣನ ಹೆಂಡತಿ ಎಲ್ಲಿಯವರು’ ಎಂದು ಕೇಳುತ್ತಾ ಹೋಗಿ, ನೆಂಟಸ್ತನ ಸಿಗುವವರೆಗೆ ಬಿಡದಿರುವುದು ಕಂಡುಬಂದಿದೆ. ಒಂದು ಪರಿಚಯಕ್ಕೆ ಇನ್ನೂರ ಹದಿನಾಲ್ಕು ಪ್ರಶ್ನೆಗಳು ಬಂದು, ಕೊನೆಗೆ ಕೇಳಿದವರೂ ಹೇಳಿದವರೂ ಬೀಗರೆಂದು ತಿಳಿದು, ಹಳೆಯ ಮನಸ್ತಾಪ ನೆನಪಾಗಿ ಇಬ್ಬರೂ ಬಳಗ ಬಿಟ್ಟುಹೋಗಿ, ಊರಿನ ಹಿರಿಯರ ಸಮಕ್ಷಮ ಮರಳಿ ಸೇರಿರುತ್ತಾರೆ. ಆದ್ದರಿಂದ ವಿಚಾರಣೆಯನ್ನು ಮೂರು ತಲೆಮಾರಿಗೆ ಮಿತಿಗೊಳಿಸಲಾಗಿದೆ. ಮೂರರೊಳಗೆ ನೆಂಟಸ್ತನ ಸಿಗದಿದ್ದರೆ ಸಿಕ್ಕಿದೆ ಎಂದೇ ಭಾವಿಸಿ ಮುಂದುವರಿಯತಕ್ಕದ್ದು.

7. ಮುಖಕ್ಕೆ ಕಿರೀಟ, ಕನ್ನಡಕ, ಬೆಕ್ಕಿನ ಕಿವಿ ಮುಂತಾದವನ್ನು ಅಂಟಿಸುವ ಮೊದಲು, ಮನೆಯ ಯಜಮಾನರಿಗೆ ತೋರಿಸಿ ‘ಇವರು ಯಾರು’ ಎಂದು ಕೇಳತಕ್ಕದ್ದು. ಸರಿಯಾದ ಉತ್ತರ ಬಂದಲ್ಲಿ ಮಾತ್ರ ಕಳಿಸತಕ್ಕದ್ದು. ತಪ್ಪು ಉತ್ತರ ಬಂದು ಮನೆಯಲ್ಲಿ ಉಂಟಾಗುವ ಪರಿಸ್ಥಿತಿಗೆ ಘಟಕ ಹೊಣೆಯಲ್ಲ.

8. ಶುಕ್ರವಾರದ ಸಭೆಯ ಅನುಭವದಿಂದ ಕುರಿಗಳನ್ನು ‘ಗುರುತಿಸಿ ಬಂದವು’ ಮತ್ತು ‘ಹಿಂಬಾಲಿಸಿ ಬಂದವು’ ಎಂದು ಎರಡು ವರ್ಗಗಳಾಗಿ ವಿಂಗಡಿಸಲಾಗಿದೆ. ಇದೇ ವಿಂಗಡಣೆಯನ್ನು ಸದಸ್ಯರಿಗೂ ಅನ್ವಯಿಸಲಾಗಿದೆ. ಪರಿಚಯವನ್ನು ಓದದೆ, ಹಿಂದಿನವರು ಒತ್ತಿದರೆಂದು ಒತ್ತಿದ ಹೆಬ್ಬೆಟ್ಟುಗಳನ್ನು ಎರಡನೇ ವರ್ಗಕ್ಕೆ ಸೇರಿಸಿ ಲೆಕ್ಕದಿಂದ ಕೈಬಿಡಲಾಗುವುದು. ಹಾಗೆ ಕೈಬಿಟ್ಟು ನೋಡಿದಾಗ ಈವರೆಗಿನ ಹೆಬ್ಬೆಟ್ಟುಗಳಲ್ಲಿ ಉಳಿದುಕೊಂಡದ್ದು ಅತ್ಯಲ್ಪ ಎಂದು ವಿಷಾದದಿಂದ ತಿಳಿಸಲಾಗಿದೆ. ಆದಾಗ್ಯೂ ಈಗಾಗಲೇ ಅಂಗೀಕಾರವಾದವರನ್ನು ಹೊರಗೆ ಹಾಕುವುದಿಲ್ಲ, ಹಾಕಿದರೆ ಬಳಗದಲ್ಲಿ ಉಳಿಯುವುದು ಕುರಿಗಳು ಮಾತ್ರ.

9. ಹನುಮಮ್ಮನವರ ಸಂದೇಶವನ್ನು ಕೇಳಬಯಸುವವರು ಮೊದಲು ಹಟ್ಟಿಯ ಬಾಗಿಲು ಹಾಕತಕ್ಕದ್ದು. ಬಸ್ಸಿನಲ್ಲಿ, ಸಂತೆಯಲ್ಲಿ, ಪರರ ಹೊಲದ ಬದುವಿನಲ್ಲಿ ಮತ್ತು ಮಹಡಿ ಮೇಲೆ ಕೇಳತಕ್ಕದ್ದಲ್ಲ.

10. ಈ ಸಂದೇಶದ ಯಶಸ್ಸು ನೋಡಿ ಹಲವು ಸದಸ್ಯರು ತಾವೂ ಕೂಗಿ ಕಳಿಸಿರುತ್ತಾರೆ. ಪೈಪೋಟಿ ತಪ್ಪಲ್ಲ. ಆದರೆ ಕೂಗಿದಾಗ ಯಾವ ಕುರಿಯೂ ಬಾರದಿದ್ದಲ್ಲಿ ಅದಕ್ಕೆ ನೆಟ್‌ವರ್ಕ್ ಕಾರಣವೆಂದು ದೂರು ಸಲ್ಲಿಸತಕ್ಕದ್ದಲ್ಲ.

11. ಯಂತ್ರದಲ್ಲಿ ಶ್ರೀ ಚನ್ನೇಶ್ ಅವರ ಹೆಸರಿಗೆ ದಾಖಲಾದ ಹಾಜರಿಯನ್ನು ತೆಗೆಯಲು ಅವಕಾಶವಿರುವುದಿಲ್ಲ. ಶುಕ್ರವಾರ ಅವರು ರಜೆಯಲ್ಲಿದ್ದೂ ಕೆಲಸ ಮಾಡಿದ್ದಾರೆಂದು ಪರಿಗಣಿಸಲಾಗಿದೆ. ಅಂದು ಅವರ ಕುರ್ಚಿಯ ಬಳಿ ಯಾವ ತಕರಾರೂ ಇಲ್ಲದೆ ಮಧ್ಯಾಹ್ನದವರೆಗೆ ನಿಂತಿದ್ದ ಟಗರಿನ ನಡತೆಯನ್ನು ಪ್ರಶಂಸಿಸಲಾಗಿದೆ.

12. ಶ್ರೀಮತಿ ಹನುಮಮ್ಮನವರ ಸದಸ್ಯತ್ವದ ಬಗ್ಗೆ: ಶನಿವಾರ ಮಧ್ಯಾಹ್ನದಿಂದಲೇ ಹನುಮಮ್ಮನವರು ಸೊಸೆಯೊಂದಿಗೆ ಕಚೇರಿಗೆ ಬಂದು ಬೆಂಚಿನ ಮೇಲೆ ಕೂತಿದ್ದರು. ಮೆಟ್ಟಿಲನ್ನು ಎಣಿಸಿಕೊಂಡು ಹತ್ತಿದ್ದರು, ಇಪ್ಪತ್ತೆರಡು. ನಾಲ್ಕೂವರೆಯಾದರೂ ಅವರ ಪರಿಚಯದ ಎದುರು ಒಂದೂ ಹೆಬ್ಬೆಟ್ಟು ಇರಲಿಲ್ಲ. ಅವರು ಯಾರನ್ನೂ ಬೇಡಲಿಲ್ಲ. “ಸೂಜಿ ಕಲೀಲಿಕ್ಕೆ ಇನ್ನೊಂದ್ ವರ್ಷ ಆತೈತೇನು ಮೇಡಂ? ಮುಂಗಾರು ಒಂದು ವರ್ಷ ಕಾಯಲ್ಲ” ಎಂದಷ್ಟೇ ಪ್ರಮೀಳಾ ಅವರನ್ನು ಕೇಳಿದರು. ಅವರ ಕೈಯಲ್ಲಿದ್ದ ಮೊಬೈಲಿನಲ್ಲಿ ಚುಕ್ಕಿಯ ನಾಲ್ಕು ಸೆಕೆಂಡು ತೆರೆದೇ ಇತ್ತು.

ಪ್ರಮೀಳಾ ಅವರು ಉಲ್ಲೇಖ (2)ರ ಸೂಚನೆಯನ್ನು ತೆಗೆದು ಓದತೊಡಗಿದರು. ಆ ಸೂಚನೆಯನ್ನು ಬರೆದವರೂ ಅವರೇ, ಆದರೂ ಪೂರ್ತಿ ಓದಿದ್ದು ಅಂದೇ ಮೊದಲು. ಅದರಲ್ಲಿ ‘ಇಬ್ಬರು ಸದಸ್ಯರು’ ಎಂದಿರಲಿಲ್ಲ, ‘ನೋಂದಣಿಯಾದ ಕನಿಷ್ಠ ಎರಡು ಸಂಖ್ಯೆಗಳು’ ಎಂದಿತ್ತು. ಬಳಗದಲ್ಲಿ ಸದಸ್ಯರ ಮೊಬೈಲು ಸಂಖ್ಯೆಗಳು ಅರವತ್ತು. ಅದಲ್ಲದೆ, ಸೇರುವಾಗ ಎಲ್ಲರೂ ತಮ್ಮ ಕುರಿಗಳ ಕಿವಿಗೆ ಚುಚ್ಚಿದ ಗುರುತಿನ ಓಲೆಯ ಹನ್ನೆರಡು ಅಂಕಿಯ ಸಂಖ್ಯೆಗಳನ್ನೂ ತುಂಬಿಸಿದ್ದರು. ಅವೂ ನೋಂದಣಿಯಾದ ಸಂಖ್ಯೆಗಳೇ. ಕೂಡಲೇ ಸದಸ್ಯರಿಗೆ ಫೋನು ಹೋಯಿತು. ಗುರುವಾರ ಎದ್ದು ಬಂದ ಕುರಿಗಳ ಕಿವಿ ಹಿಡಿದು ಸಂಖ್ಯೆ ಓದಿ ಹೇಳಿ ಎಂದು ಕೇಳಲಾಯಿತು. ಶಿರಾಳಕೊಪ್ಪದಿಂದ ಓದಿದರು. ಉಳವಿಯಿಂದ ಜಗದಾಂಬ ಅವರು ಓದಿದರು, ಒಂದು ಅಂಕಿ ತಪ್ಪಿತೆಂದು ಮತ್ತೆ ಕಿವಿ ಹಿಡಿದರು. ಸಂಯೋಜನಾಧಿಕಾರಿಗಳು ಸಭೆಗೆ ಬಂದಿದ್ದ ಎರಡರ ಸಂಖ್ಯೆಯನ್ನು ಖುದ್ದಾಗಿ ಬಯಲಿಗೆ ಇಳಿದು ಬರೆದು ತಂದರು. ಅಂಗಿಯ ತೋಳು ಹರಿದಿತ್ತು, ಅದನ್ನು ಅವರು ದೊಡ್ಡದು ಮಾಡಲಿಲ್ಲ.

ಗಂಟೆ ನಾಲ್ಕು ಐವತ್ತಾರಕ್ಕೆ ಇಪ್ಪತ್ತಮೂರು ಸಂಖ್ಯೆಗಳು ದಾಖಲಾದವು. ಬೇಕಾಗಿದ್ದುದು ಎರಡು. ಗುರುತಿಸಿ ಬಂದವರ ಸಂಖ್ಯೆಯಲ್ಲಿ ಬಳಗದ ಬೇರಾವ ಸದಸ್ಯರೂ ಇದರ ಹತ್ತಿರಕ್ಕೂ ಬರದಿರುವುದರಿಂದ, ಶ್ರೀಮತಿ ಹನುಮಮ್ಮನವರನ್ನು ಕ್ರಮಸಂಖ್ಯೆ ಒಂದರಲ್ಲಿ ಅಂಗೀಕರಿಸಲಾಗಿದೆ, ಮತ್ತು ಮುಂದೆ ಬರುವ ಎಲ್ಲ ಪರಿಚಯಗಳನ್ನು ಒಪ್ಪುವ, ಬಿಡುವ ಅಧಿಕಾರವನ್ನು ಅವರಿಗೇ ವಹಿಸಲಾಗಿದೆ. ಇದನ್ನು ಓದಿ ಹೇಳಿದಾಗ ಅವರು “ಹಂಗಾರೆ ಸೂಜಿ ಯಾವಾಗ ಕೊಡ್ತೀರಿ?” ಎಂದು ಕೇಳಿರುತ್ತಾರೆ.

13. ಸೂಜಿ ಹಾಕುವ ಮೊದಲ ಪ್ರಾಯೋಗಿಕ ಪಾಠವನ್ನು ದಿನಾಂಕ 23-11-2025ರ ಭಾನುವಾರ ಉಳವಿಯ ಶಾಂತವೀರಪ್ಪನವರ ಅಂಗಳದಲ್ಲಿ ಡಾಕ್ಟರ ಸಮಕ್ಷಮ ಏರ್ಪಡಿಸಲಾಗಿದೆ. ಮೊದಲ ಸೂಜಿಯನ್ನು ಶ್ರೀಮತಿ ಹನುಮಮ್ಮನವರು ಚುಕ್ಕಿಗೆ ಹಾಕತಕ್ಕದ್ದು. ಚುಕ್ಕಿಯನ್ನು ಕರೆದುಕೊಂಡು ಹೋಗುವುದಾದರೆ ಹೋಗಿ ಎಂದು ಜಗದಾಂಬ ಅವರು ಹೇಳಿದ್ದು, ಹನುಮಮ್ಮನವರು ಒಪ್ಪಿರುವುದಿಲ್ಲ: “ಬ್ಯಾಡವ್ವ. ಎರಡು ವರ್ಷ ನಿನ್ ಹುಲ್ಲು ತಿಂದೈತೆ, ಅಲ್ಲೇ ಇರ್ಲಿ. ನಾನು ದಿನಾ ಸಂಜಿಗೆ ಒಂದ್ಸಲ ಕರೀತೀನಿ, ಅದಕ್ಕೆ ಕೇಳ್ಸು ಸಾಕು.” ಈ ವ್ಯವಸ್ಥೆಯನ್ನು ಕಾರ್ಯಕ್ರಮಾಂತರ್ಗತ ದೂರಶಿಕ್ಷಣ ಎಂದು ವರ್ಗೀಕರಿಸಲಾಗಿದೆ.

14. ಈ ಸುತ್ತೋಲೆಗೆ ಸಹಿ ಮಾಡುವವರೂ ಬಳಗದ ಸದಸ್ಯರಾದ್ದರಿಂದ ಅವರ ಪರಿಚಯವನ್ನೂ ಪರಿಶೀಲಿಸಲಾಯಿತು. ಸಂಯೋಜನಾಧಿಕಾರಿಗಳ ಪರಿಚಯವು ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನದಾಗಿದ್ದು, ಡ್ರೋನ್ ದೃಶ್ಯಗಳು, ಕೊಳಲಿನ ಹಿನ್ನೆಲೆ ಮತ್ತು ನಾಲ್ಕು ಪ್ರಮಾಣಪತ್ರಗಳನ್ನು ಒಳಗೊಂಡಿದೆ. ಬಂದ ಐವತ್ತೆಂಟು ಹೆಬ್ಬೆಟ್ಟುಗಳಲ್ಲಿ ಕಲಂ 8ರಂತೆ ಹಿಂಬಾಲಿಸಿದವುಗಳನ್ನು ಕಳೆದಾಗ ಒಂದು ಉಳಿಯುತ್ತದೆ, ಅದು ಅವರದೇ ಇನ್ನೊಂದು ಮೊಬೈಲಿನದು. ಕಲಂ 12ರಂತೆ ವಿಷಯವನ್ನು ಹನುಮಮ್ಮನವರಿಗೆ ಸಲ್ಲಿಸಲಾಗಿ, ಅವರ ಆದೇಶ ಹೀಗಿದೆ: “ಸಾಹೇಬ್ರು ಒಳ್ಳೇರೇ. ಕುರಿ ಕಿವಿ ಹಿಡಿಯೋಕೆ ಹೋಗಿ ಅಂಗಿ ಹರ್ಕಂಡ್ರು, ಪಾಪ. ಒಂದಿನ ಹಟ್ಟಿಗೆ ಬಂದು ಹಿಂಡಿನಾಗೆ ನಿಂದರ್‌ಲಿ. ಎರಡು ಕುರಿ ತಿರುಗಿ ನೋಡಿದ್ರೆ ಸಾಕು, ಒತ್ತಿಬಿಡ್ತೀನಿ.” ಸಂಯೋಜನಾಧಿಕಾರಿಗಳು ಬುಧವಾರ ಹೋಗುವುದಾಗಿ ಒಪ್ಪಿಕೊಂಡು, ಕಿಸೆಯಲ್ಲಿ ಮೆಕ್ಕೆಜೋಳ ಇಟ್ಟುಕೊಂಡು ಹೋಗಬಹುದೇ ಎಂದು ಸ್ಪಷ್ಟೀಕರಣ ಕೋರಿರುತ್ತಾರೆ. ಹೋಗಬಾರದು ಎಂದು ಸ್ಪಷ್ಟಪಡಿಸಲಾಗಿದೆ.

ಸಹಿ/-
(ಕೊಟ್ರೇಶ್)
ಸಂಯೋಜನಾಧಿಕಾರಿ
ಪರಿಚಯ ಅಂಗೀಕಾರಕ್ಕೆ ಬಾಕಿ

ಕರಡು: ಪ್ರಮೀಳಾ, ವಿಷಯ ನಿರ್ವಾಹಕಿ

ಪ್ರತಿಗಳು:
1. ಮೇಲಿನ ಕಚೇರಿಗೆ. ಪಟ್ಟಿಯಲ್ಲಿ ಹನ್ನೆರಡನೇ ವಿಧಾನ ಸೇರಿಸುವ ಕೋರಿಕೆಯೊಂದಿಗೆ.
2. ಬಳಗದ ಎಲ್ಲ ಸದಸ್ಯರಿಗೆ. ಓದಿದ ಮೇಲೆ ಒತ್ತತಕ್ಕದ್ದು.
3. ಶ್ರೀ ವೀರಬಸಪ್ಪನವರಿಗೆ, ಇರುವ ಜಾಗಕ್ಕೆ.
4. ಶ್ರೀ ಚನ್ನೇಶ್ ಅವರಿಗೆ. ಅವರು ರಜೆಯಲ್ಲಿರುವಾಗ ಟಗರಿಗೆ.
5. ಶ್ರೀಮತಿ ರಮಾಬಾಯಿಯವರಿಗೆ, ಇಪ್ಪತ್ತೆರಡು ಮೆಟ್ಟಿಲಿಗೂ ಪ್ರತ್ಯೇಕವಾಗಿ ಕ್ಷಮೆ ಕೋರಿ.
6. ಶ್ರೀಮತಿ ಹನುಮಮ್ಮನವರಿಗೆ. ಸಂಗೀತ ಓದಿ ಹೇಳುವುದು, ಕಲಂ 12ನ್ನು ಎರಡು ಸಲ.
7. ಚುಕ್ಕಿಗೆ, ಉಳವಿ, ಶ್ರೀಮತಿ ಜಗದಾಂಬ ಅವರ ಮೊಬೈಲಿನ ಮೂಲಕ, ಹದಿನಾಲ್ಕು ಸೆಕೆಂಡಿನ ಧ್ವನಿರೂಪದಲ್ಲಿ. ಸ್ವೀಕೃತಿ ಬಂದಿರುತ್ತದೆ, ನಾಲ್ಕು ಸೆಕೆಂಡು.